ಮೆಕೆಂಜಿಯ ಮೋಜಣಿ ಮತ್ತು ಮಲೆಯೂರಿನ ಪಂಡಿತರು

ಮೈಸೂರಿನ ಸರಸ್ವತಿಪುರಂ ವಿದ್ಯೆಯ ಅಧಿದೇವತೆಯ ಹೆಸರನ್ನು ಹೊತ್ತ ಬಡಾವಣೆ. ಅಲ್ಲಿಂದ ನಡೆದೇ ತಲುಪಬಹುದಾದ ದೂರದಲ್ಲಿ ಕನ್ನಡ ನಾಡಿನ ಲಿಖಿತ ಚರಿತ್ರೆಯನ್ನು ಕಾಪಿಟ್ಟುಕೊಂಡು ಬಂದ ಎರಡು ಸಂಸ್ಥೆಗಳಿವೆ. 1891ರಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ ಒಂದಾದರೆ, ನಾಡಿನ ಶಾಸನಗಳ ಮಹಾಸಂಪುಟವಾದ ಎಪಿಗ್ರಾಫಿಯ ಕರ್ನಾಟಿಕವನ್ನು 1972ರಿಂದ ಪರಿಷ್ಕರಿಸಿ ಹೊರತರತೊಡಗಿದ ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆ ಇನ್ನೊಂದು. ಇಂತಹ ಕಡೆ ಕೂತು ಮೈಸೂರು ಸೀಮೆಯ ಹಳ್ಳಿಯೊಂದರ, ಮಠವೊಂದರ ಅಥವಾ ಪಾಳೆಯಗಾರ ಮನೆತನವೊಂದರ ಹಿಂದಣ ಕಥೆಯನ್ನು ಹುಡುಕುವವರಿಗೆ ಒಂದಲ್ಲ ಒಂದು ದಿನ ಕಾಲಿನ್ ಮೆಕೆಂಜಿ ಎಂಬ ಸ್ಕಾಟ್‌ಲೆಂಡಿನ ಸೇನಾಧಿಕಾರಿಯ ಹೆಸರು ಎದುರಾಗುತ್ತದೆ. ಆ ಹೆಸರನ್ನು ಕೃತಜ್ಞತೆಯಿಂದ ಬರೆಯಬೇಕೇ, ಗೆದ್ದವರ ಪರವಾಗಿ ನಾಡನ್ನು ಅಳೆದು ಕೊಟ್ಟವನೆಂದು ಬರೆಯಬೇಕೇ ಎಂಬ ಪ್ರಶ್ನೆ ಕರ್ನಾಟಕದ ಚರಿತ್ರೆಕಾರರನ್ನು ಇಂದಿಗೂ ಬಿಟ್ಟಿಲ್ಲ.

ಜಗತ್ತಿನ ಬೇರೆಡೆಗಳಲ್ಲಿ ಇದೇ ಪ್ರಶ್ನೆ ಇನ್ನೂ ಉರಿಯುವ ರೂಪದಲ್ಲಿ ಬಂದಿದೆ. ಅಮೆರಿಕದಲ್ಲಿ ಕೊಲಂಬಸ್‌ನ ಪ್ರತಿಮೆಗಳು ಉರುಳಿವೆ. 1498ರಲ್ಲಿ ಕಲ್ಲಿಕೋಟೆಗೆ ಬಂದು, ಮರಳುವಾಗ ಕಾರವಾರದ ಎದುರಿನ ಅಂಜುದ್ವೀಪದಲ್ಲಿ ತಂಗಿದ ವಾಸ್ಕೊ ಡ ಗಾಮ 1502ರ ಎರಡನೆಯ ಯಾನದಲ್ಲಿ ಹಜ್ ಯಾತ್ರಿಕರ ಹಡಗಿಗೆ ಬೆಂಕಿ ಇಟ್ಟವನಾದ್ದರಿಂದ ಅವನ ವಿಷಯದಲ್ಲಿ ಕರಾವಳಿಯ ನೆನಪು ಬಹಳ ತಡವರಿಸಬೇಕಾಗಿಲ್ಲ. ಮೆಕೆಂಜಿಯ ವಿಷಯ ಅಷ್ಟು ಸುಲಭವಲ್ಲ. ಅವನು ಈ ನಾಡಿಗೆ ಬಂದದ್ದು ಫಿರಂಗಿಯ ಜೊತೆ, ಹೋದದ್ದು ಓಲೆಗರಿಗಳ ಹೊರೆಯ ಜೊತೆ.

1754ರ ಸುಮಾರಿಗೆ ಲೂಯಿಸ್ ದ್ವೀಪದ ಸ್ಟೋರ್ನವೇ ಪಟ್ಟಣದಲ್ಲಿ ಹುಟ್ಟಿದ ಮೆಕೆಂಜಿ 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಯ ನೌಕರಿ ಹಿಡಿದು ಮದರಾಸಿಗೆ ಬಂದನು. ಲಾಗರಿತಮ್ ಎಂಬ ಗಣಿತಕ್ರಮವನ್ನು ರೂಪಿಸಿದ ಜಾನ್ ನೇಪಿಯರ್‌ನ ಜೀವನಚರಿತ್ರೆಗಾಗಿ ಹಿಂದೂಗಳ ಗಣಿತದ ವಿವರಗಳನ್ನು ಕಲೆಹಾಕುವ ಕೆಲಸದಲ್ಲಿ ಅವನು ಊರಿನಲ್ಲಿರುವಾಗಲೇ ತೊಡಗಿದ್ದನು. ಭಾರತದ ಕುರಿತ ಅವನ ಕುತೂಹಲ ಹುಟ್ಟಿದ್ದು ಅಲ್ಲಿಂದ. ಆದರೆ ಕುತೂಹಲವೊಂದೇ ಅವನನ್ನು ಮೈಸೂರಿಗೆ ಕರೆತರಲಿಲ್ಲ. 1792ರ ಮತ್ತು 1799ರ ಶ್ರೀರಂಗಪಟ್ಟಣದ ಮುತ್ತಿಗೆಗಳೆರಡರಲ್ಲೂ ಅವನು ಸೇನಾ ಇಂಜಿನಿಯರನಾಗಿ ಕೆಲಸ ಮಾಡಿದವನು, ಎರಡನೆಯದರಲ್ಲಿ ನಿಜಾಮನ ಕಡೆಯ ಪಡೆಯ ಇಂಜಿನಿಯರುಗಳಿಗೆ ಮುಖ್ಯಸ್ಥನಾಗಿದ್ದವನು. ಮುತ್ತಿಗೆಯ ಇಂಜಿನಿಯರ್ ಎಂದರೆ ಕೋಟೆಯ ಗೋಡೆ ಎಲ್ಲಿ ಬಿರಿಯಬಲ್ಲದು, ಫಿರಂಗಿಗಳ ಸಾಲನ್ನು ಯಾವ ದಿಬ್ಬದ ಮೇಲೆ ನಿಲ್ಲಿಸಬೇಕು ಎಂದು ಅಳೆದು ಹೇಳುವವನು. ಮೈಸೂರು ಸೀಮೆಯಲ್ಲಿ ಮೆಕೆಂಜಿಯ ಮೊದಲ ಅಳತೆಗಳು ಈ ಬಗೆಯವು. ಅವನ ವಿದ್ವತ್ತನ್ನು ಹೊಗಳುವ ಬರಹಗಳು ಈ ಸಂಗತಿಯನ್ನು ಹಾರಿಸಿಹೋಗುವುದು ಸರಿಯಲ್ಲ.

1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಅವನ ರಾಜ್ಯ ಕಂಪನಿಗೊಂದು ಪಾಲು, ನಿಜಾಮನಿಗೊಂದು ಪಾಲು ಎಂದು ಹರಿದುಹಂಚಿಹೋಗಿ, ಉಳಿದದ್ದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿಗೆ ಬಂದಿತು. ಕಾಗದದ ಮೇಲೆ ಹಂಚಿಕೊಂಡದ್ದನ್ನು ನೆಲದ ಮೇಲೆ ತೋರಿಸಬೇಕಾಗಿತ್ತು; ಯಾವ ಹಳ್ಳಿ ಯಾರದು, ಗಡಿ ಯಾವ ಹಳ್ಳದ ಗುಂಟ ಹೋಗುತ್ತದೆ ಎಂಬುದು ಸ್ಪಷ್ಟವಾಗಬೇಕಾಗಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಕೆಲಸಕ್ಕಾಗಿ ಏರ್ಪಡಿಸಿದ್ದೇ ಮೆಕೆಂಜಿಯ ಮೈಸೂರು ಮೋಜಣಿ. ಒಂದು ಸಮತಟ್ಟು ಜಾಗದಲ್ಲಿ ಸರಪಳಿಯಿಂದ ಎಚ್ಚರವಾಗಿ ಅಳೆದ ಆಧಾರರೇಖೆಯೊಂದನ್ನು ಹಿಡಿದು, ಅದರ ಎರಡು ತುದಿಗಳಿಂದ ದೂರದ ಬೆಟ್ಟದ ನೆತ್ತಿಯ ಬಾವುಟಕ್ಕೆ ಆಗುವ ಕೋನಗಳನ್ನು ಗುರುತಿಸಿ, ಹೀಗೆ ತ್ರಿಕೋನದ ಮೇಲೆ ತ್ರಿಕೋನವನ್ನು ಹೆಣೆಯುತ್ತ ಹೋಗುವ ಈ ಕ್ರಮದಿಂದ ಸುಮಾರು 40,000 ಚದರ ಮೈಲಿ ನೆಲ ಹತ್ತು ವರ್ಷಗಳಲ್ಲಿ ನಕಾಶೆಗೆ ಇಳಿಯಿತು. ನಕಾಶೆಗಳ ಜೊತೆಗೆ ಏಳು ದೊಡ್ಡ ಸಂಪುಟಗಳ ವಿವರಣೆಯೂ ಸಿದ್ಧವಾಯಿತು.

ಇದೇ ಕಾಲದಲ್ಲಿ, 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್ ಕೂಡ ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದನು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸ ಗ್ರಂಥವನ್ನು ರಾಗಿಯ ಬೇಸಾಯಕ್ಕೆ, ಕಬ್ಬಿಣ ಕರಗಿಸುವ ಕುಲುಮೆಗೆ, ಸಂತೆಯ ತೂಕ ಅಳತೆಗಳಿಗೆ ಆಧಾರವಾಗಿ ಉಲ್ಲೇಖಿಸದ ಸ್ಥಳೀಯ ಚರಿತ್ರೆ ವಿರಳ. ಆ ಗ್ರಂಥದ ಮುಖಪುಟದ ಮೇಲಿರುವುದು ಒಬ್ಬನ ಹೆಸರು. ಒಳಗಿರುವುದು ಸಾವಿರ ಒಕ್ಕಲು ಮಕ್ಕಳ, ಕಮ್ಮಾರರ, ನೇಕಾರರ ತಿಳಿವಳಿಕೆ.

ಮೋಜಣಿ ಎಂದರೆ ಭೂಮಿಯ ಅಳತೆ ಮಾತ್ರವೆಂದು ಮೆಕೆಂಜಿ ತಿಳಿದಿರಲಿಲ್ಲ. ಹಳ್ಳಿಗಳ ಎಣಿಕೆ, ಮನೆಗಳ ಎಣಿಕೆ, ಕೆರೆಗಳ ಸಂಖ್ಯೆ, ಜನರ ಕುಲ ಕಸುಬುಗಳು ಎಲ್ಲವೂ ಪಟ್ಟಿಗೆ ಸೇರಬೇಕಾಗಿತ್ತು. ಈ ಪಟ್ಟಿಯ ಅಂಚು ಎಷ್ಟು ಹರಿತವಾದದ್ದೆಂದು ತಿಳಿಯಲು ಅದೇ 1799ರ ಸಹಾಯಕ ಸೈನ್ಯದ ಒಪ್ಪಂದವನ್ನು ನೋಡಬೇಕು. ಮೈಸೂರು ಪ್ರತಿ ವರ್ಷ ಕಂಪನಿಗೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಮದರಾಸಿನ ಚಿನ್ನದ ವರಹ, ಸಲ್ಲಿಸಬೇಕಾಗಿತ್ತು. ಆ ಹಣ ಬಾರದೆಂಬ ಅನುಮಾನ ಮೂಡಿದರೆ ರಾಜ್ಯದ ಆಡಳಿತವನ್ನು ಕಂಪನಿ ತನ್ನ ಕೈಗೆ ತೆಗೆದುಕೊಳ್ಳಬಹುದೆಂಬ ಷರತ್ತೂ ಅದರಲ್ಲಿತ್ತು. ಹೀಗಿರುವಾಗ ಯಾವ ಸೀಮೆಯಲ್ಲಿ ಎಷ್ಟು ಕೆರೆ, ಎಷ್ಟು ಗದ್ದೆ ಎಂದು ಕಂಪನಿಯ ಅಧಿಕಾರಿ ಕೇಳಿಕೊಂಡು ಬಂದರೆ ದಿವಾನ್ ಪೂರ್ಣಯ್ಯನವರ ಆಡಳಿತ ಅದನ್ನು ಶಂಕೆಯಿಂದ ನೋಡಿದ್ದು ಸಹಜ. ಆ ಶಂಕೆಯನ್ನು ದೇಶೀಯರ ಸಂಕುಚಿತ ಬುದ್ಧಿಯೆಂದು ಹಗುರವಾಗಿ ಕಂಡ ಬರಹಗಾರರು 1831ರಲ್ಲಿ ಬೆಂಟಿಂಕ್ ಅದೇ ಷರತ್ತನ್ನು ಎತ್ತಿಕೊಂಡು ಮುಮ್ಮಡಿಯವರಿಂದ ಆಡಳಿತವನ್ನು ಕಿತ್ತುಕೊಂಡ ಸಂಗತಿಯನ್ನು ನೆನೆಯಬೇಕಾಗಿತ್ತು. ಪೂರ್ಣಯ್ಯನವರು ಹೆದರಿದ್ದು ಸುಳ್ಳು ಭಯಕ್ಕಲ್ಲ.

ಶೋಧನೆ ಎಂಬ ಮಾತು ಎಷ್ಟು ಜಾಗ್ರತೆಯಿಂದ ಬಳಸಬೇಕಾದದ್ದು ಎಂಬುದಕ್ಕೆ ಈ ಮೋಜಣಿಯ ಒಳಗೇ ಒಂದು ನಿದರ್ಶನವಿದೆ. ಮೆಕೆಂಜಿಯ ಕೈಕೆಳಗೆ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಜಾನ್ ವಾರನ್, ಕೋಲಾರದ ಕಡೆ ಮಣ್ಣಿನಲ್ಲಿ ಚಿನ್ನವಿದೆಯೆಂಬ ಮಾತನ್ನು ಕೇಳಿ, ತೋರಿಸಿದವರಿಗೆ ಇನಾಮು ಸಾರಿದನು. ಉರಿಗಾಂ ಹಳ್ಳಿಯವರು ಗಾಡಿಗಳಲ್ಲಿ ಮಣ್ಣು ತುಂಬಿ ತಂದು ಅವನೆದುರಿಗೇ ತೊಳೆದು ಚಿನ್ನದ ಪುಡಿಯನ್ನು ತೋರಿಸಿದರು. ಇದು ನಡೆದದ್ದು 1802ರಲ್ಲಿ. ಕೋಲಾರದ ಚಿನ್ನದ ಆಧುನಿಕ ಚರಿತ್ರೆ ವಾರನ್‌ನ ವರದಿಯಿಂದ ಶುರುವಾಗುತ್ತದೆ; 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು, ಗಣಿಗಳು 2001ರವರೆಗೆ ನಡೆದವು. ತಲೆತಲಾಂತರದಿಂದ ಮಣ್ಣನ್ನು ಜಾಲಿಸಿ ಹೊನ್ನನ್ನು ತೆಗೆಯುತ್ತಿದ್ದವರ ಹೆಸರು ಆ ಚರಿತ್ರೆಯಲ್ಲಿ ಇಲ್ಲ. ಕಂಡುಹಿಡಿದವನೆಂದರೆ ಬಹಳ ವೇಳೆ ಇನ್ನೊಬ್ಬರಿಗೆ ಗೊತ್ತಿದ್ದುದನ್ನು ಮೊದಲು ವರದಿ ಬರೆದವನು ಎಂದೇ ಅರ್ಥ.

ಇನ್ನು ಮೆಕೆಂಜಿಯ ಕೀರ್ತಿಗೆ ಮುಖ್ಯ ಕಾರಣವಾದ ಸಂಗ್ರಹದ ವಿಚಾರ. ಅವನ ನೌಕರರು ಹಳ್ಳಿಗೆ ಹೋದಾಗ ಮೊದಲು ಕಾಣುತ್ತಿದ್ದುದು ಶಾನುಭೋಗನನ್ನು, ಅಂದರೆ ಊರ ಲೆಕ್ಕಪತ್ರಗಳನ್ನು ವಂಶಪಾರಂಪರ್ಯವಾಗಿ ಇಟ್ಟವನನ್ನು. ಅವನ ಬಳಿ ಕಡತಗಳಿರುತ್ತಿದ್ದವು. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಲ ಪುಡಿಯನ್ನು ಬಳಿದು ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಕರಿಯ ಪುಸ್ತಕವೇ ಕಡತ. ಊರಿನ ಹಳೆಯ ಘಟನೆ, ದಾನ, ಗಡಿ ಮೊದಲಾದವುಗಳ ದಾಖಲೆಗೆ ಕವಿಲೆ ಎಂದು ಹೆಸರು. ದೇವಸ್ಥಾನದ ಅರ್ಚಕರಲ್ಲಿ ಸ್ಥಳಪುರಾಣ, ಪಾಳೆಯಗಾರರ ಮನೆಗಳಲ್ಲಿ ವಂಶಾವಳಿ ಇರುತ್ತಿದ್ದವು. ಇವುಗಳನ್ನು ನೋಡಿ, ಊರ ಹಿರಿಯರನ್ನು ಕೇಳಿ ಬರೆಸಿದ ಹೇಳಿಕೆಯೇ ಕೈಫಿಯತ್ತು. ಟಿಪ್ಪುವಿನ ಅರಮನೆಯ ಸುಮಾರು 2,000 ಗ್ರಂಥಗಳು ಯುದ್ಧದ ಕೊಳ್ಳೆಯಾಗಿ ಕಲ್ಕತ್ತೆಗೂ ಲಂಡನ್ನಿಗೂ ಹೋದ ರೀತಿಗೂ ಈ ಸಂಗ್ರಹದ ರೀತಿಗೂ ವ್ಯತ್ಯಾಸವಿದೆ. ಮೆಕೆಂಜಿ ಕೇಳಿ ಪಡೆದನು, ನಕಲು ಮಾಡಿಸಿದನು, ಕೊಂಡನು, ಅದಕ್ಕೆ ಬಹಳಷ್ಟು ಸ್ವಂತ ಹಣವನ್ನೇ ಸುರಿದನು. ಆದರೆ ಈಚೆಗೆ ತಾನೇ ರಾಜಧಾನಿಯನ್ನು ಗೆದ್ದ ಸೇನೆಯ ಅಧಿಕಾರಿ ಕೇಳಿದಾಗ ಬಡ ಶಾನುಭೋಗನೊಬ್ಬ ಕೊಡುವುದಿಲ್ಲ ಎನ್ನಬಹುದಾಗಿತ್ತೇ ಎಂಬುದನ್ನೂ ವಿಚಾರ ಮಾಡಬೇಕು. ಕೇಳಿ ಪಡೆದದ್ದೆಲ್ಲ ಮನಸಾರೆ ಕೊಟ್ಟದ್ದಾಗಿರಲಾರದು.

ಮೆಕೆಂಜಿಗೆ ದೇಶಭಾಷೆಗಳು ಬರುತ್ತಿರಲಿಲ್ಲ. ಇದನ್ನು ಅವನೇ ಒಪ್ಪಿಕೊಂಡಿದ್ದಾನೆ. ಹಾಗಾದರೆ ಈ ಸಾವಿರಾರು ಓಲೆ, ಕಡತ, ಶಾಸನಗಳನ್ನು ಓದಿದವರು ಯಾರು? ಏಲೂರಿನ ಕಾವಲಿ ಮನೆತನದ ತೆಲುಗು ನಿಯೋಗಿ ಬ್ರಾಹ್ಮಣ ಸೋದರರಲ್ಲಿ ಹಿರಿಯನಾದ ವೆಂಕಟ ಬೋರಯ್ಯ 1790ರ ದಶಕದಲ್ಲಿ ಅವನ ಬಳಿ ಸೇರಿ, ಹಲವು ಲಿಪಿಗಳನ್ನು ಕಲಿತು, ಸಂಗ್ರಹದ ಪದ್ಧತಿಯನ್ನೇ ರೂಪಿಸಿ, 1803ರಲ್ಲಿ ಮೂವತ್ತು ತುಂಬುವ ಮೊದಲೇ ತೀರಿಕೊಂಡನು. ಭಾರತದ ವಿದ್ಯೆಯ ಬಾಗಿಲು ತನಗೆ ತೆರೆದದ್ದು ಆ ಬ್ರಾಹ್ಮಣನ ಪರಿಚಯದಿಂದಲೇ ಎಂದು ಮೆಕೆಂಜಿ 1817ರ ಪತ್ರವೊಂದರಲ್ಲಿ ಸ್ಮರಿಸಿದ್ದಾನೆ. ಬೋರಯ್ಯನ ನಂತರ ತಮ್ಮ ಲಕ್ಷ್ಮಯ್ಯ ಆ ಹೊಣೆಯನ್ನು ಹೊತ್ತನು.

ಕನ್ನಡದ ಮಟ್ಟಿಗೆ ಇವರಿಗಿಂತಲೂ ಮುಖ್ಯರಾದವರು ಮಲೆಯೂರಿನವರು. ಇಂದಿನ ಚಾಮರಾಜನಗರ ತಾಲ್ಲೂಕಿನಲ್ಲಿ ಕನಕಗಿರಿ ಎಂಬ ಬೆಟ್ಟದ ಅಡಿಯಲ್ಲಿರುವ ಈ ಹಳ್ಳಿ ಪ್ರಾಚೀನ ಜೈನ ಕ್ಷೇತ್ರ. ವ್ಯಾಕರಣ ಪಂಡಿತನೂ ಆಚಾರ್ಯನೂ ಆದ ಪೂಜ್ಯಪಾದನ ನೆನಪು ಅಲ್ಲಿ ಹಾಸುಹೊಕ್ಕಾಗಿದೆ. ಅಲ್ಲಿಯ ಜೈನ ಪಂಡಿತ ಧರ್ಮಯ್ಯ ಹಳಗನ್ನಡವನ್ನು ಬಲ್ಲವನಾಗಿದ್ದು, ಬ್ರಿಟಿಷರಿಗೆ ಇನ್ನೂ ಕೈ ಹಾಕಲಾಗದಿದ್ದ ಶಾಸನಗಳನ್ನು ಓದಿ ಅರ್ಥ ಹೇಳಿದನು. ಹಳಗನ್ನಡ ಶಾಸನವನ್ನು ಓದುವುದೆಂದರೆ ಅಕ್ಷರ ಗುರುತಿಸುವುದಷ್ಟೇ ಅಲ್ಲ. ಶಕವರ್ಷ, ಸಂವತ್ಸರ, ತಿಥಿಗಳ ಲೆಕ್ಕ, ದತ್ತಿಗೆ ಬಿಟ್ಟ ನೆಲದ ಅಳತೆ, ರಾಜರ ಬಿರುದುಗಳು, ಪದ್ಯದ ಛಂದಸ್ಸು ಇಷ್ಟೂ ತಿಳಿದಿರಬೇಕು. ಜೈನ ಮಠಗಳಲ್ಲಿ ಆ ಓದು ಕಡಿದುಹೋಗದೆ ಉಳಿದು ಬಂದಿತ್ತು; ಧರ್ಮಯ್ಯ ಮೆಕೆಂಜಿಯ ಬಿಡಾರಕ್ಕೆ ಹೊತ್ತು ತಂದದ್ದು ಆ ಪರಂಪರೆಯನ್ನು. ಮುಂದೆ ಬಿ. ಎಲ್. ರೈಸ್, ಆರ್. ನರಸಿಂಹಾಚಾರ್ಯರು ಮೊದಲಾದವರು ಶಾಸ್ತ್ರೀಯವಾಗಿ ಬೆಳೆಸಿದ ಕನ್ನಡ ಶಾಸನಾಧ್ಯಯನದ ಚರಿತ್ರೆಯನ್ನು ಬರೆಯುವವರು ಮೊದಲ ಅಧ್ಯಾಯದಲ್ಲಿ ಧರ್ಮಯ್ಯನ ಹೆಸರನ್ನು ಇಡಬೇಕಾದದ್ದು ನ್ಯಾಯ.

1816ರಲ್ಲಿ ಚಿತ್ರಕಾರ ಥಾಮಸ್ ಹಿಕಿ ಮದರಾಸಿನಲ್ಲಿ ಬಿಡಿಸಿದ, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ವರ್ಣಚಿತ್ರ ಈ ಸಂಬಂಧಗಳನ್ನು ಒಂದೇ ಚೌಕಟ್ಟಿನಲ್ಲಿ ತೋರಿಸುತ್ತದೆ. ಕೆಂಪು ಸಮವಸ್ತ್ರದ ಮೆಕೆಂಜಿ ನಡುವೆ ನಿಂತಿದ್ದಾನೆ. ಅವನ ಸುತ್ತ ಮೂವರು ಭಾರತೀಯರು: ಓಲೆಗರಿ ಹಿಡಿದ ಜೈನ ಪಂಡಿತ ಧರ್ಮಯ್ಯ, ಕಾವಲಿ ಲಕ್ಷ್ಮಯ್ಯ, ದೂರದರ್ಶಕವನ್ನು ಹಿಡಿದ ಜವಾನ ಕೃಷ್ಣಾಜಿ. ಹಿಂದೆ ದೂರದ ಬೆಟ್ಟದ ಮೇಲೆ ಗೊಮ್ಮಟನ ಮೂರ್ತಿ. ಯಜಮಾನ ಯಾರೆಂಬುದರಲ್ಲಿ ಚಿತ್ರ ಸಂದೇಹವನ್ನೇ ಉಳಿಸುವುದಿಲ್ಲ. ಆದರೂ ಓಲೆ ಯಾರ ಕೈಯಲ್ಲಿದೆ ಎಂಬುದನ್ನು ಚಿತ್ರಕಾರ ಮರೆಮಾಚಲಿಲ್ಲ. ಅಂದಿನ ಅಧಿಕಾರಿಗಳ ಚಿತ್ರಗಳಲ್ಲಿ ದೇಶೀಯರು ಬೀಸಣಿಗೆ ಬೀಸುವವರಾಗಿಯೋ ಕುದುರೆ ಹಿಡಿದವರಾಗಿಯೋ ಬರುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಮೆಕೆಂಜಿ 1815ರಲ್ಲಿ ಇಡೀ ಭಾರತದ ಸರ್ವೇಯರ್ ಜನರಲ್ ಆಗಿ, 1821ರ ಮೇ 8ರಂದು ಕಲ್ಕತ್ತೆಯ ಬಳಿ ತೀರಿಕೊಂಡನು. ಅವನ ಸಂಗ್ರಹವನ್ನು ಕಂಪನಿ ಅವನ ವಿಧವೆಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. ಎಚ್. ಎಚ್. ವಿಲ್ಸನ್ 1828ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ಅದರಲ್ಲಿ 1,568 ಸಾಹಿತ್ಯ ಹಸ್ತಪ್ರತಿಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನದ ಪ್ರತಿಗಳು, 2,630 ಚಿತ್ರಗಳು, 6,218 ನಾಣ್ಯಗಳು ಇದ್ದವು. ಆ ಹೊತ್ತಿಗೆ ಸಂಗ್ರಹ ಒಡೆದುಹೋಗಿತ್ತು: ಕೆಲವು ಭಾಗ ಲಂಡನ್ನಿಗೆ ಸಾಗಿತು, ದಕ್ಷಿಣದ ದೇಶಭಾಷೆಗಳ ಬರಹಗಳು ಮದರಾಸಿಗೆ ಮರಳಿ, ಅಲ್ಲಿಯ ಸರ್ಕಾರಿ ಹಸ್ತಪ್ರತಿ ಭಂಡಾರದಲ್ಲಿ ನೆಲೆಗೊಂಡವು. ಮೈಸೂರು ಸೀಮೆಯ ಹಳ್ಳಿಯ ಕಥೆಯನ್ನು ಮೈಸೂರಿನವರು ಚೆನ್ನೈಗೆ ಹೋಗಿ ಓದಬೇಕಾದ ಸ್ಥಿತಿ ಹುಟ್ಟಿದ್ದು ಹೀಗೆ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ಕರ್ನಾಟಕದ ಕೈಫಿಯತ್ತುಗಳ ಸಂಪುಟ 1990ರ ದಶಕದಲ್ಲಿ ಹೊರಬರುವವರೆಗೂ ಈ ಬರಹಗಳ ಬಹುಭಾಗ ಸಾಮಾನ್ಯ ಕನ್ನಡ ಓದುಗರ ಕೈಗೆ ಎಟುಕಿರಲಿಲ್ಲ.

ಈ ಇಡೀ ಚರಿತ್ರೆಯಲ್ಲಿ ಅತ್ಯಂತ ನೋವಿನ ಸಂಗತಿ ನಡೆದದ್ದು ಮೆಕೆಂಜಿ ಸತ್ತ ಮೇಲೆ. ಅರ್ಧಕ್ಕೆ ನಿಂತ ಕೆಲಸವನ್ನು ಮುಂದುವರಿಸಲು ಅವಕಾಶ ಕೊಡಬೇಕೆಂದು ಕಾವಲಿ ಲಕ್ಷ್ಮಯ್ಯ ಕೇಳಿಕೊಂಡಾಗ, ಅವನ ಮನವಿ 1836ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮುಂದೆ ಬಂದಿತು. ಬ್ರಾಹ್ಮೀ ಲಿಪಿಯನ್ನು ಓದಿ ಕೀರ್ತಿವಂತನಾಗಲಿದ್ದ ಜೇಮ್ಸ್ ಪ್ರಿನ್ಸೆಪ್ ಅಲ್ಲಿ ಕೊಟ್ಟ ಅಭಿಪ್ರಾಯವೆಂದರೆ ಇಂತಹ ಕೆಲಸಕ್ಕೆ ಲಕ್ಷ್ಮಯ್ಯನಾಗಲಿ ಯಾವ ದೇಶೀಯನಾಗಲಿ ಸಾಲನು ಎಂಬುದು. ಕೆಲಸ ಪಾದ್ರಿ ವಿಲಿಯಂ ಟೇಲರನಿಗೆ ಹೋಯಿತು. ಮೂರು ದಶಕಕ್ಕೂ ಮಿಕ್ಕಿ ಆ ಸಂಗ್ರಹದೊಳಗೇ ಬದುಕಿದವನನ್ನು, ಅದನ್ನು ಕಟ್ಟಿದವರಲ್ಲೇ ಒಬ್ಬನನ್ನು, ಹುಟ್ಟಿನ ಕಾರಣಕ್ಕೆ ಹೊರಗೆ ನಿಲ್ಲಿಸಿದ ಆ ತೀರ್ಮಾನಕ್ಕೆ ಯಾವ ಸಮರ್ಥನೆಯೂ ಇಲ್ಲ.

ಈಚಿನ ವಿದ್ವಾಂಸರ ಚರ್ಚೆ ಎರಡು ತುದಿಗಳ ನಡುವೆ ತೂಗುತ್ತಿದೆ. ನಿಕೊಲಸ್ ಡರ್ಕ್ಸ್ ಮೆಕೆಂಜಿಯ ಸಂಗ್ರಹವನ್ನು ವಸಾಹತು ಪ್ರಭುತ್ವದ ಜ್ಞಾನಯಂತ್ರದ ಭಾಗವಾಗಿ ಓದಿದರೆ, ಫಿಲಿಪ್ ವಾಗನರ್ ಅದರ ಒಳಗಿನ ವಿಧಾನಗಳೇ ನಿಯೋಗಿ ಕರಣಿಕರ ಹಳೆಯ ವಿದ್ಯೆಯಿಂದ ಬಂದವೆಂದು ತೋರಿಸಿದ್ದಾರೆ. ಎರಡನೆಯ ಓದಿಗೆ ಹೆಚ್ಚು ಬಲವಿದೆ. ಆದರೆ ಅದು ಮೊದಲನೆಯದನ್ನು ಅಳಿಸುವುದಿಲ್ಲ. ಶ್ರೀರಂಗಪಟ್ಟಣದ ಗೋಡೆಯನ್ನು ಅಳೆದ ಮೆಕೆಂಜಿಯೂ ಶಾಸನಗಳನ್ನು ನಕಲು ಮಾಡಿಸಿದ ಮೆಕೆಂಜಿಯೂ ಒಬ್ಬನೇ, ಮತ್ತು ಎರಡಕ್ಕೂ ಸಂಬಳ ಕೊಟ್ಟ ಕಂಪನಿಯೂ ಒಂದೇ. ಅವನನ್ನು ವೀರನೆಂದರೂ ಖಳನೆಂದರೂ ಮಾತೆಲ್ಲ ಅವನೊಬ್ಬನ ಸುತ್ತಲೇ ತಿರುಗಿ, ಧರ್ಮಯ್ಯ, ಬೋರಯ್ಯ, ಲಕ್ಷ್ಮಯ್ಯರು ಮತ್ತೆ ಚಿತ್ರದ ಅಂಚಿಗೆ ಸರಿಯುತ್ತಾರೆ. ತೆಗಳುವವರೂ ಹೊಗಳುವವರೂ ಸೇರಿ ಮಾಡಿರುವ ಅನ್ಯಾಯ ಇದು. ಮೈಸೂರಿನ ವಿದ್ಯಾಕ್ಷೇತ್ರವೂ ಈ ಮರೆವಿನಿಂದ ಹೊರತಲ್ಲ. 1905ರಲ್ಲಿ ಓರಿಯಂಟಲ್ ಲೈಬ್ರರಿಗೆ ಬಂದು, 1909ರಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟವಾಗಿ ಜಗತ್ತನ್ನು ಬೆರಗುಗೊಳಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ತಂದುಕೊಟ್ಟಾತ ಇಂದಿಗೂ ತಂಜಾವೂರು ಸೀಮೆಯ ಒಬ್ಬ ಪಂಡಿತ ಎಂದಷ್ಟೇ ಉಳಿದಿದ್ದಾನೆ.

ಮಲೆಯೂರಿನ ಇನ್ನೊಬ್ಬ ಪಂಡಿತನಾದ ದೇವಚಂದ್ರ ಮಾತ್ರ ತನ್ನ ಮಾತನ್ನು ತಾನೇ ಬರೆದಿಟ್ಟನು. 1770ರಲ್ಲಿ ಹುಟ್ಟಿದ ಅವನು 1804ರಲ್ಲಿ ಮೋಜಣಿಯ ಮೇಲೆ ಕನಕಗಿರಿಗೆ ಬಂದ ಮೆಕೆಂಜಿಯನ್ನು ಕಂಡನು. ಸ್ಥಳದ ಪೂರ್ವವೃತ್ತಾಂತವನ್ನು ಕೇಳಿದ ಅಧಿಕಾರಿಗೆ ತನಗೆ ತಿಳಿದುದನ್ನು ತಿಳಿಸಿದನು. ಆ ಪ್ರಶ್ನೆ ಅವನೊಳಗೆ ಮೂರು ದಶಕ ಉಳಿದು, ಮೈಸೂರಿನ ರಾಜಮನೆತನದ ದೇವಿರಮ್ಮಣ್ಣಿಯವರ ಆಸಕ್ತಿಯ ಆಸರೆಯೂ ಸೇರಿ, 1838ರ ಸುಮಾರಿಗೆ ರಾಜಾವಳಿ ಕಥೆ ಎಂಬ ಗ್ರಂಥವಾಯಿತು. ಭದ್ರಬಾಹು ಮತ್ತು ಚಂದ್ರಗುಪ್ತರು ಶ್ರವಣಬೆಳಗೊಳಕ್ಕೆ ಬಂದ ಐತಿಹ್ಯಕ್ಕಾಗಿ ರೈಸ್ ಮೊದಲಾದವರು ತಿರುತಿರುಗಿ ನೋಡಿದ ಗ್ರಂಥವದು. ಜೈನ ಪುರಾಣದಿಂದ ಹಿಡಿದು ಮೈಸೂರು ಒಡೆಯರವರೆಗೆ ಹರಿಯುವ ಅದರ ದೀರ್ಘ ಕಥನದಲ್ಲಿ ಮೆಕೆಂಜಿಯೂ ಬರುತ್ತಾನೆ: ಬೆಟ್ಟದ ಊರಿಗೆ ಬಂದು, ಹಳೆಯದನ್ನು ಕೇಳಿ, ಮುಂದಿನ ಬಿಡಾರಕ್ಕೆ ಹೊರಟುಹೋದ ಒಬ್ಬ ದೊರೆಯಾಗಿ. ಕಥೆ ಹೇಳುವವನು ದೇವಚಂದ್ರ, ಮಾತು ಕನ್ನಡ.